ಕೇಳಿದ ಕಚೇರಿಗೂ ಒಂದು ಅಳತೆ ಪುಸ್ತಕ

ನನ್ನ ಅಂಗಡಿಯಲ್ಲಿ ಎರಡು ಉದ್ದ ಪುಸ್ತಕಗಳಿವೆ. ಒಂದರಲ್ಲಿ ಗಿರಾಕಿಗಳ ಅಳತೆ: ಉದ್ದ, ಭುಜ, ಎದೆ, ತೋಳು, ಕಾಲರು. ಇನ್ನೊಂದರಲ್ಲಿ ನಾನು ಕೇಳಿದ ಸಂಗೀತ ಕಚೇರಿಗಳು. ಎರಡಕ್ಕೂ ಒಂದೇ ಕೆಂಪು ರಟ್ಟು. ಒಮ್ಮೆ ಅಂಗಡಿ ಹುಡುಗ ತಪ್ಪಿ ಎರಡನೆಯದರಲ್ಲಿ ಯಾರದೋ ಪ್ಯಾಂಟಿನ ಅಳತೆ ಬರೆದುಬಿಟ್ಟ. ಈಗಲೂ ಆ ಪುಟದಲ್ಲಿ ಕಾಂಬೋಧಿ ರಾಗದ ಕೆಳಗೆ 'ಸೊಂಟ 34, ಬಾಟಮ್ 15' ಅಂತಿದೆ.

ಹಾಸನದಲ್ಲಿ ಟೈಲರ್ ಅಂಗಡಿ ಇಟ್ಟು ಮೂವತ್ತೈದು ವರ್ಷ ದಾಟಿತು. ನಾನು ಸಂಗೀತ ಕಲಿತವನಲ್ಲ. ಮಿಷನ್ ಮೇಲಿನ ಗೂಡಿನಲ್ಲಿಟ್ಟ ರೇಡಿಯೋ ಕೇಳಿ ಕೇಳಿ ಕಿವಿ ಬಂತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರನ್ನು ಕೇಳಿದ್ದೆಲ್ಲ ಆ ಗೂಡಿನಿಂದಲೇ. ನಮ್ಮ ಜಿಲ್ಲೆಯ ಗದ್ದವಳ್ಳಿಯಲ್ಲೇ ಹುಟ್ಟಿದವರು ಅವರು. 1997ರಲ್ಲಿ ತೀರಿಕೊಂಡರು. ಒಂದು ಸಲವೂ ಎದುರಿಗೆ ಕೂತು ಕೇಳಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಪುಸ್ತಕಕ್ಕೆ ಒಂದೇ ಕಟ್ಟುನಿಟ್ಟು: ಎದುರಿಗೆ ಕೂತು ಕೇಳಿದ್ದು ಮಾತ್ರ ಒಳಗೆ ಬರಬೇಕು. ರೇಡಿಯೋ, ಕ್ಯಾಸೆಟ್ಟು, ಮೊಬೈಲು ಇಲ್ಲ.

ಮೊನ್ನೆ ಒಬ್ಬ ಹುಡುಗ ಜುಬ್ಬಾ ಹೊಲಿಸಲು ಬಂದವನು ಈ ಪುಸ್ತಕ ತಿರುವಿ ಹಾಕಿ, 'ಅಣ್ಣ, ಇದನ್ನ ಹೇಗೆ ಬರೀತೀರಾ, ನಾನೂ ಬರೀಬೇಕು' ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಬರೀಬೇಕು

ನಾನು ಹದಿನೈದು ವರ್ಷ ಒಂದು ಕಥೆ ಹೇಳಿಕೊಂಡು ಬಂದೆ. ಗಣಪತಿ ಪೆಂಡಾಲಿನಲ್ಲಿ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನ್ ನುಡಿಸುವಾಗ ಕರೆಂಟು ಹೋಯಿತು. ಮೈಕು ಸತ್ತಿತು. ಕತ್ತಲು. ಅವರು ನಿಲ್ಲಿಸಲೇ ಇಲ್ಲ, ಜನ ಉಸಿರು ಬಿಗಿಹಿಡಿದು ಕೇಳಿದರು. ಹೇಳುವಾಗ ನನಗೇ ಮೈ ಜುಮ್ ಅನ್ನುತ್ತಿತ್ತು. ಚಿಕ್ಕಮಗಳೂರಿನ ಹತ್ತಿರ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನಾಗಿರುವ ನನ್ನ ಭಾವಮೈದ ಒಂದು ದಿನ ಅಡ್ಡ ಬಾಯಿ ಹಾಕಿದ. 'ಭಾವ, ಆವತ್ತು ನಾನೂ ಇದ್ದೆನಲ್ಲ. ಕರೆಂಟು ಎಲ್ಲಿ ಹೋಯ್ತು? ಮಳೆ ಬಂತು ಅಷ್ಟೆ.' ಜಗಳ ಆಯಿತು. ಪುಸ್ತಕ ತೆಗೆದೆ. ಅದರಲ್ಲಿ ಹೀಗಿದೆ:

'1998. ಗಣಪತಿ ಹಬ್ಬ ಆಗಿ ಆರನೇ ದಿನ. ಪೆಂಡಾಲ್. ಕದ್ರಿ ಗೋಪಾಲನಾಥ್. 7ಕ್ಕೆ ಅಂದಿದ್ರು, ಶುರು 7.40. ಬಲಗಡೆ, ಆರನೇ ಸಾಲು, ಕಂಬದ ಪಕ್ಕ. ಮಳೆ. ತಗಡಿನ ಮೇಲೆ ಸದ್ದು ಜಾಸ್ತಿ, ಪಿಟೀಲು ಸರಿಯಾಗಿ ಕೇಳಲಿಲ್ಲ. ಜುಬ್ಬಾ ನೇರಳೆ ರೇಷ್ಮೆ, ಜರಿ ಕೆಲಸ. ಒಳಗೆ ಲೈನಿಂಗ್ ಕೊಟ್ಟಿರಬೇಕು, ಕೂತರೂ ಸುಕ್ಕಿಲ್ಲ. ಕಲ್ಯಾಣಿ ರಾಗ 35 ನಿಮಿಷ. ತನಿ ಶುರು ಆದಾಗ ನಮ್ಮ ಸಾಲಲ್ಲಿ ಎದ್ದು ಹೋದವರು 6. ಚಪ್ಪಲಿ ಒದ್ದೆ.'

ತನಿ ಅಂದರೆ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ. ಕರೆಂಟಿನ ಸುದ್ದಿಯೇ ಇಲ್ಲ. ಹಾಗಾದರೆ ಕತ್ತಲೆ ಎಲ್ಲಿಂದ ಬಂತು? ಹಿಂದಕ್ಕೆ ತಿರುವುತ್ತಾ ಹೋದೆ. ಎರಡು ವರ್ಷ ಮುಂಚಿನ ಪುಟದಲ್ಲಿ ಸಿಕ್ಕಿತು. ನಮ್ಮೂರ ಸಂಗೀತ ಮೇಷ್ಟ್ರೊಬ್ಬರ ವೀಣೆ ಕಚೇರಿ. ಕರೆಂಟು ಹೋದದ್ದು ಅಲ್ಲಿ. ವೀಣೆ ಮೈಕಿಲ್ಲದೆ ನಾಲ್ಕನೇ ಸಾಲಿಗೂ ಕೇಳಲ್ಲ ನೋಡಿ. ಜನ ಕುರ್ಚಿ ಬಿಟ್ಟು ಎದ್ದು ಬಂದು ವೇದಿಕೆ ಸುತ್ತ ಜಮಖಾನದ ಮೇಲೆ ಕೂತರು. ಯಾರೋ ಪೆಟ್ರೋಮ್ಯಾಕ್ಸ್ ತಂದರು. ಅದರ ಸುಯ್ ಸದ್ದು ಶ್ರುತಿಗೆ ಸೇರುತ್ತಿಲ್ಲ ಅಂತ ಮೇಷ್ಟ್ರು ಅದನ್ನ ದೂರ ಇಡಿಸಿದರು. ಇಷ್ಟು ಚೆಂದದ ಪ್ರಸಂಗವನ್ನು ನನ್ನ ತಲೆ ಸುಮ್ನೆ ಕಿತ್ತು ದೊಡ್ಡ ಹೆಸರಿನವರ ಕಚೇರಿಗೆ ಹೊಲಿದುಬಿಟ್ಟಿತ್ತು. ಪಾಪ, ಮೇಷ್ಟ್ರ ಪಾಲಿಗೆ ಏನೂ ಉಳಿದಿರಲಿಲ್ಲ.

ಬರೆಯುವುದು ಇದಕ್ಕೇ. ನೆನಪು ಕಳೆದುಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಳೆದುಹೋದರೆ ಪರವಾಗಿಲ್ಲ, ಗೊತ್ತಾಗುತ್ತದೆ. ಅದು ಒಂದರ ತೋಳನ್ನು ಇನ್ನೊಂದಕ್ಕೆ ಕೂಡಿಸಿದರೆ ಗೊತ್ತೇ ಆಗಲ್ಲ.

ಏನು ಒಯ್ಯಬೇಕು

ಜೇಬಿಗೆ ಹಿಡಿಯುವ ಸಣ್ಣ ಪುಸ್ತಕ, ಒಂದು ಪೆನ್ಸಿಲು. ಪೆನ್ನು ಬೇಡ. ಟಿಕ್ ಟಿಕ್ ಅನ್ನುವ ಪೆನ್ನಂತೂ ಬೇಡವೇ ಬೇಡ. ಆಲಾಪನೆ ಮಧ್ಯೆ ಗಾಯಕರು ಒಂದು ಕ್ಷಣ ನಿಲ್ಲಿಸಿದಾಗ ಸಭೆಯಲ್ಲಿ ನಿಮ್ಮ 'ಟಿಕ್' ಒಂದೇ ಕೇಳುತ್ತದೆ. ನನಗೆ ಆಗಿದೆ. ಮುಂದಿನ ಸಾಲಿನ ಅಜ್ಜಿ ಒಬ್ಬರು ತಿರುಗಿ ನೋಡಿದ ನೋಟ ಈಗಲೂ ಕಣ್ಣೆದುರಿಗಿದೆ.

ಮೊಬೈಲಿನಲ್ಲಿ ಬರೆಯಬಹುದಲ್ಲ ಅಂತ ಕೇಳುತ್ತೀರಿ. ಬರೆಯಬಹುದು. ಆದರೆ ಆ ಬೆಳಕು ಹಿಂದಿನವರ ಕಣ್ಣಿಗೆ ಕುಕ್ಕುತ್ತದೆ. ಜೊತೆಗೆ ನಿಮ್ಮ ಭಾವಮೈದನ ವಾಟ್ಸಾಪ್ ಮೆಸೇಜು ಅದೇ ಹೊತ್ತಿಗೆ ಬರುತ್ತದೆ.

ಕತ್ತಲಲ್ಲಿ ಬರೆಯಲು ಒಂದು ಉಪಾಯ. ಎಡಗೈ ಹೆಬ್ಬೆರಳನ್ನು ಪುಟದ ಅಂಚಿನಲ್ಲಿಟ್ಟು, ಅದರ ಎದುರಿಗೆ ಒಂದು ಸಾಲು ಬರೆಯಿರಿ. ಆಮೇಲೆ ಹೆಬ್ಬೆರಳನ್ನು ಅದರ ಅಗಲದಷ್ಟು ಕೆಳಗೆ ಜರುಗಿಸಿ ಮುಂದಿನ ಸಾಲು. ಹೆಮ್ಮಿಂಗ್ ಹಾಕುವಾಗ ನಾವು ಬಟ್ಟೆ ಜರುಗಿಸುವುದು ಹೀಗೇ. ಸಾಲು ಒಂದರ ಮೇಲೊಂದು ಬೀಳಲ್ಲ.

ಈ ಸಣ್ಣ ಪುಸ್ತಕ ಕಚ್ಚಾ. ಮನೆಗೆ ಬಂದ ಮೇಲೆ ದೊಡ್ಡ ಪುಸ್ತಕಕ್ಕೆ ಇಳಿಸುವುದು.

ಶುರು ಆಗುವ ಮುಂಚೆ

ಬೇಗ ಹೋಗಿ. ಶ್ರುತಿ ಕೂಡಿಸುವುದನ್ನು ನೋಡಲು ಸಿಗುತ್ತದೆ. ಮೃದಂಗದವರು ಕಲ್ಲು ಹಿಡಿದು ಅಂಚಿಗೆ ಬಡಿದು ಬಡಿದು ಸರಿಮಾಡುವುದು, ಎಡಗಡೆ ಚರ್ಮಕ್ಕೆ ರವೆ ಕಲಸಿದ ಮುದ್ದೆ ಹಚ್ಚುವುದು, ಇವೆಲ್ಲ ಪರದೆ ತೆರೆದ ಮೇಲೆ ಬಂದವರಿಗೆ ಕಾಣಲ್ಲ.

ಆ ಹೊತ್ತಿನಲ್ಲಿ ಬರೆಯಬೇಕಾದ್ದು: ತಾರೀಕು, ವಾರ, ಊರು, ಜಾಗ, ನೀವು ಕೂತ ಕಡೆ. ಕೂತ ಕಡೆ ಬರೆಯುವುದನ್ನು ಮರೀಬೇಡಿ. ಯಾಕೆಂದರೆ ಕಿವಿಗೆ ಬಿದ್ದದ್ದು ಅದರ ಮೇಲೆ ನಿಂತಿದೆ. ಸ್ಪೀಕರ್ ಬುಡದಲ್ಲಿ ಕೂತು 'ಮೃದಂಗ ವಿಪರೀತ' ಅಂತ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಆ ಕಲಾವಿದರಿಗೆ ಅನ್ಯಾಯ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಭೀಮಸೇನ ಜೋಶಿ ಅವರನ್ನು ಕೇಳಿದ ರಾತ್ರಿ ನಾನು ಬರೆದದ್ದು ಇಷ್ಟು: 'ಎದುರಿಗೆ ಕಂಬ. ಮುಖ ಕಾಣಲಿಲ್ಲ. ಕೈ ಮಾತ್ರ.' ಇವತ್ತು ಕಣ್ಣು ಮುಚ್ಚಿದರೆ ಕಂಬದ ಪಕ್ಕದಿಂದ ಆಗಾಗ ಚಾಚಿ ಬರುವ ಆ ಕೈಯೇ ಕಾಣುತ್ತದೆ. ಮುಖ ಕಂಡಿದ್ದರೆ ಬಹುಶಃ ಎಲ್ಲ ಫೋಟೋಗಳ ಮುಖವೇ ನೆನಪಾಗುತ್ತಿತ್ತು.

ಪಕ್ಕವಾದ್ಯದವರ ಹೆಸರು ಮೊದಲೇ ಬರೆದುಕೊಳ್ಳಿ. ನಿರೂಪಕರು ಮುಖ್ಯ ಕಲಾವಿದರ ಬಿರುದು ಬಾವಲಿ ಐದು ನಿಮಿಷ ಹೇಳಿ, ಪಿಟೀಲು, ಮೃದಂಗ, ಘಟ, ಖಂಜೀರ ನಾಲ್ಕೂ ಹೆಸರನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ. ಆಹ್ವಾನ ಪತ್ರಿಕೆ ಇದ್ದರೆ ಅದರಲ್ಲಿ ಹೆಸರಿರುತ್ತದೆ, ಆದರೆ ಕೊನೇ ಗಳಿಗೆಯಲ್ಲಿ ಬೇರೆಯವರು ಬಂದಿರುತ್ತಾರೆ. ಪಕ್ಕದಲ್ಲಿ ಕೂತವರನ್ನು ಕೇಳಿ. ಕಚೇರಿಗೆ ಬರುವವರಲ್ಲಿ ಒಬ್ಬರಿಗಾದರೂ ಮೃದಂಗದವರ ಊರು, ಗುರು, ಮಾವನ ಮನೆ ಎಲ್ಲ ಗೊತ್ತಿರುತ್ತದೆ.

ಕೇಳುವಾಗ ಎಷ್ಟು ಬರೀಬೇಕು

ಕಡಿಮೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಸಲ ರಾಗ, ತಾಳ, ನಿಮಿಷ ಎಲ್ಲ ಬರೆದು ಮೂರು ಪುಟ ತುಂಬಿಸಿದೆ. ಮನೆಗೆ ಬಂದಾಗ ಹೆಂಡತಿ 'ಹೇಗಿತ್ತು ರೀ?' ಅಂದಳು. ಉತ್ತರ ಬರಲಿಲ್ಲ. ಗುಮಾಸ್ತನ ಕೆಲಸ ಮಾಡಿ ಬಂದಿದ್ದೆ. ಈಗ ಒಂದು ಕೃತಿಗೆ ಒಂದೇ ಸಾಲು. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಬರೆಯುವುದು, ಹಾಡುವಾಗ ಪೆನ್ಸಿಲು ಜೇಬಿನಲ್ಲಿ.

ರಾಗ ಗೊತ್ತಾಗದಿದ್ದರೆ? ಗಾಬರಿ ಬೇಡ. ಗೊತ್ತಿರುವ ಯಾವುದರ ಹಾಗಿದೆ ಅಂತ ಬರೆಯಿರಿ. ನನ್ನ ಪುಸ್ತಕದಲ್ಲಿ 'ಮೋಹನದ ಹಾಗೆ, ಆದರೆ ಎಲ್ಲೋ ಅಳು' ಅಂತ ಒಂದು ಕಡೆ ಇದೆ. ಆಮೇಲೆ ತಿಳಿದವರಿಗೆ ಹೇಳಿದಾಗ ಅವರು ನಕ್ಕು, 'ಶಿವರಂಜನಿ ಇರಬೇಕು ಕಣ್ರೀ' ಅಂದರು. ಸರಿಯಾಗೇ ಇತ್ತು. ಮೋಹನದ ಗಾಂಧಾರ, ಅಂದರೆ 'ಗ' ಸ್ವರ ಒಂದನ್ನು ಸ್ವಲ್ಪ ಇಳಿಸಿದರೆ ಅದೇ ತಾನೆ. ನನ್ನ ಕಿವಿ ಹೇಳಿದ್ದು ನಿಜ, ಹೆಸರು ಮಾತ್ರ ಗೊತ್ತಿರಲಿಲ್ಲ.

ತಾಳಕ್ಕೆ ಗಾಯಕರ ಬಲಗೈ ನೋಡಿ. ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ತಿರುಗಿಸು, ಮತ್ತೆ ತಟ್ಟಿ ತಿರುಗಿಸು. ಒಟ್ಟು 8. ಅದು ಆದಿತಾಳ. ಅರ್ಧಕ್ಕಿಂತ ಜಾಸ್ತಿ ಕೃತಿಗಳಿಗೆ ಇಷ್ಟು ಗೊತ್ತಿದ್ದರೆ ನಡೆಯುತ್ತದೆ. ಕುಂಟಿಕೊಂಡು ನಡೆದ ಹಾಗೆ ಕೇಳಿಸಿದರೆ ಏಳರ ಎಣಿಕೆ ಹಾಕಿ ನೋಡಿ, ಮೂರು ಮತ್ತು ನಾಲ್ಕು. ಕೂಡಿ ಬಂದರೆ ಮಿಶ್ರಛಾಪು. ಐದಕ್ಕೆ ಕೂಡಿದರೆ ಖಂಡಛಾಪು. ತಪ್ಪಿದರೆ ಯಾರೂ ದಂಡ ಹಾಕಲ್ಲ.

ಕರ್ನಾಟಕ ಸಂಗೀತದ ಕಚೇರಿಗೆ ಒಂದು ಮೈಕಟ್ಟು ಇದೆ. ವರ್ಣ, ಆಮೇಲೆ ಸಣ್ಣ ಕೃತಿ ಎರಡು ಮೂರು, ನಡುವೆ ದೊಡ್ಡದೊಂದು, ಅದರ ಬಾಲಕ್ಕೆ ಮೃದಂಗ ಘಟದವರ ತನಿ ಆವರ್ತನ, ಆಮೇಲೆ ದೇವರನಾಮ, ತಿಲ್ಲಾನ, ಮಂಗಳ. ಇದು ಗೊತ್ತಿದ್ದರೆ ಲಾಭ ಏನೆಂದರೆ, ಈ ಮೈಕಟ್ಟು ಎಲ್ಲಿ ಬದಲಾಯಿತೋ ಅದನ್ನು ಮಾತ್ರ ಪುಸ್ತಕದಲ್ಲಿ ಬರೆದರೆ ಸಾಕು. ಎಲ್ಲ ಶರ್ಟಿಗೂ ಎರಡು ತೋಳಿರುತ್ತದೆ, ಅದನ್ನು ನಾವು ಅಳತೆ ಪುಸ್ತಕದಲ್ಲಿ ಬರೆಯಲ್ಲವಲ್ಲ. ಹಿಂದೂಸ್ತಾನಿಯಾದರೆ ಹೊತ್ತು ಬರೆಯಿರಿ. ಅವರಲ್ಲಿ ರಾಗಕ್ಕೂ ಗಡಿಯಾರಕ್ಕೂ ನಂಟಿದೆ. ಸಂಜೆಯದು, ರಾತ್ರಿಯದು, ಬೆಳಗಿನದು ಬೇರೆ ಬೇರೆ.

ತನಿ ಶುರು ಆದಾಗ ಏಳಬೇಡಿ. ಇದು ಬರೆಯುವುದಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಹೇಳಿಬಿಡುತ್ತೇನೆ. ಎರಡು ಗಂಟೆ ಹೊತ್ತು ಬೇರೆಯವರ ಹಿಂದೆ ನಡೆದವರು ಅವರು. ಹತ್ತು ಹದಿನೈದು ನಿಮಿಷ ಅವರದು. ಆಗಲೇ ನಮ್ಮವರಿಗೆ ಕಾಫಿ ನೆನಪಾಗುತ್ತದೆ. ಸಿಟ್ಟು ಬಂದು ನಾನು ಎದ್ದು ಹೋದವರ ಲೆಕ್ಕ ಇಡಲು ಶುರುಮಾಡಿದೆ. ಈಗ ಅದೇ ಅಭ್ಯಾಸವಾಗಿದೆ.

ನಿಮ್ಮ ಕಸುಬು ಯಾವುದೋ ಅದರ ಕಣ್ಣಲ್ಲಿ ಒಂದು ಸಾಲು ಬರೆಯಿರಿ. ನನ್ನದು ಬಟ್ಟೆ. ತಾರಸ್ಥಾಯಿಗೆ ಹೋದಾಗ ಕೈ ಮೇಲೆತ್ತುವ ಗಾಯಕರ ಜುಬ್ಬಾ ಕಂಕುಳಲ್ಲಿ ಹಿಡಿಯುತ್ತಿದ್ದರೆ ನನಗೆ ಕೂರಲು ಆಗಲ್ಲ. ಅಲ್ಲೊಂದು ತುಂಡು ಕೂಡಿಸಿ ಸಡಿಲ ಬಿಟ್ಟಿದ್ದರೆ ಇನ್ನೊಂದು ಸ್ವರ ಮೇಲೆ ಹೋಗುತ್ತಿದ್ದರೇನೋ ಅನಿಸುತ್ತದೆ. ನಗಬೇಡಿ. ಹೀಗೆ ಬರೆದ ಸಾಲುಗಳೇ ಇವತ್ತು ಇಡೀ ಸಂಜೆಯನ್ನು ಎಳೆದು ತರುತ್ತವೆ. ನೀವು ಎಲೆಕ್ಟ್ರಿಷಿಯನ್ ಆಗಿದ್ದರೆ ವೈರು ನೋಡಿ, ಅಡುಗೆಯವರಾಗಿದ್ದರೆ ಪ್ರಸಾದ ನೋಡಿ.

ಬರೆಯಬಾರದ್ದು: 'ಅದ್ಭುತ', 'ಮೈಮರೆತೆ', 'ತುಂಬಾ ಚೆನ್ನಾಗಿತ್ತು'. ನನ್ನ ಮೊದಲ ಪುಸ್ತಕದಲ್ಲಿ ಮೂರು ವರ್ಷದ ತುಂಬ ಇದೇ ಇದೆ. ಈಗ ಓದಿದರೆ ಒಂದೂ ನೆನಪಾಗಲ್ಲ. ಗಿರಾಕಿಯ ಹೆಸರಿನ ಮುಂದೆ 'ಒಳ್ಳೆಯ ಮನುಷ್ಯ' ಅಂತ ಬರೆದು ಅಳತೆ ಬರೆಯದೆ ಬಿಟ್ಟ ಹಾಗೆ.

ಆ ರಾತ್ರಿಯೇ

ಮಾರನೇ ದಿನ ಅನ್ನಬೇಡಿ. ಬಟ್ಟೆ ಮೊದಲ ನೀರಿಗೇ ಕುಗ್ಗುವುದು. ನೆನಪೂ ಹಾಗೆ, ಒಂದು ನಿದ್ದೆ ಆದರೆ ಒಂದು ಇಂಚು ಹೋಯಿತು. ನನಗೆ ಬಸ್ಸೇ ಬರೆಯುವ ಮನೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಎಂಟನೇ ಕ್ರಾಸ್ ಗಣಪತಿ ಕಚೇರಿ ಕೇಳಿ, ಹೊಳೆನರಸೀಪುರದ ಮೇಲೆ ವಾಪಸ್ ಬರುವ ಬಸ್ಸಿನಲ್ಲಿ ಬರೆದ ಪುಟಗಳ ಅಕ್ಷರ ನನಗೇ ಓದಲು ಬರಲ್ಲ. ಆದರೂ ಅವೇ ಚೆನ್ನಾಗಿವೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲು ಬಂದ ಮೇಲೆ ರಾಮನವಮಿ ಕಚೇರಿಗಳ ಪುಟಗಳಲ್ಲಿ ಅಕ್ಷರ ಸ್ವಲ್ಪ ನೆಟ್ಟಗಾಗಿದೆ. ಅದಕ್ಕೆ ಮುಂಚೆ ರೈಲೆಂದರೆ ಅರಸೀಕೆರೆ ಸುತ್ತು.

ಬರೆಯಲು ಆಗದಷ್ಟು ಸುಸ್ತಾಗಿದ್ದರೆ ಮೊಬೈಲಿಗೆ ಎರಡು ನಿಮಿಷ ಮಾತಾಡಿ ಇಟ್ಟುಕೊಳ್ಳಿ. ವೇದಿಕೆಯನ್ನು ವಿಡಿಯೋ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ನನ್ನನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಈಗ ಬಾಯಲ್ಲಿ ಏನು ಗುನುಗುತ್ತಿದೆ? ಯಾವಾಗ ಬೇಜಾರಾಯಿತು? ಪಕ್ಕದಲ್ಲಿ ಯಾರಿದ್ದರು? ಏನು ತಿಂದೆ? ಬೇಜಾರಾದದ್ದನ್ನು ಮುಚ್ಚಿಡಬೇಡಿ. ಹೆಸರಾಂತರೊಬ್ಬರ ಕಚೇರಿಯ ಮುಂದೆ ನಾನು 'ನಿದ್ದೆ ಬಂತು, ತಪ್ಪು ನನ್ನದಲ್ಲ' ಅಂತ ಬರೆದಿದ್ದೇನೆ. ಆ ಮಾತಿಗೆ ಇವತ್ತೂ ಬದ್ಧ. ಹೆಸರು ಮಾತ್ರ ಇಲ್ಲಿ ಹೇಳಲ್ಲ.

ರುದ್ರಪಟ್ಟಣದ ಪುಟ ಒಂದು ತೋರಿಸುತ್ತೇನೆ. ಅರಕಲಗೂಡು ತಾಲೂಕಿನಲ್ಲಿ, ಕಾವೇರಿ ದಂಡೆಯ ಊರು. ಸಣ್ಣ ಊರು, ಆದರೆ ಸಂಗೀತಗಾರರ ತವರು. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಬೇರೂ ಅಲ್ಲೇ. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿ ಆಕಾರದ ಗುಡಿ ಕಟ್ಟಿಸಿದ್ದಾರೆ, ಸಪ್ತಸ್ವರ ದೇವತೆಗಳಿಗೆ. ಪ್ರತಿವರ್ಷ ಸಂಗೀತೋತ್ಸವ ಆಗುತ್ತದೆ. ನನ್ನ ಪುಟದಲ್ಲಿ ಹೀಗಿದೆ:

'ರುದ್ರಪಟ್ಟಣ. ಶ್ರೀಕಂಠನ್. 85 ದಾಟಿದೆ ಅಂತಾರೆ. ಬೆನ್ನು ನೆಟ್ಟಗೆ, ಎರಡು ಗಂಟೆ. ಬಿಳಿ ಜುಬ್ಬಾ, ಇಸ್ತ್ರಿ ಗೆರೆ ಕೊನೇವರೆಗೂ ಹಾಗೇ. ಒಂದೊಂದು ಅಕ್ಷರವೂ ಬಿಡಿ ಬಿಡಿ. ತೋಡಿ ರಾಗ. ಹಿಂದೆ ಯಾರದೋ ಮಗು ಅಳ್ತಿತ್ತು, ತಾಯಿ ಹೊರಗೆ ಹೋಗಲಿಲ್ಲ, ಯಾರೂ ಬೈಯ್ಯಲಿಲ್ಲ. ಊಟ: ಚಿತ್ರಾನ್ನ, ಮಜ್ಜಿಗೆ. ನದಿ ಕಡೆಯಿಂದ ಗಾಳಿ.'

ಅವರು 2014ರ ಫೆಬ್ರವರಿಯಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ ದಿನ ಈ ಪುಟ ತೆಗೆದು ಓದಿದೆ. ಪತ್ರಿಕೆಯವರು ಪದ್ಮಭೂಷಣ, ಶಿಷ್ಯರ ಪಟ್ಟಿ ಎಲ್ಲ ಬರೆದಿದ್ದರು. ಇಸ್ತ್ರಿ ಗೆರೆ ನನ್ನ ಹತ್ತಿರ ಮಾತ್ರ ಇತ್ತು.

ಟಿಕೆಟು, ಪತ್ರಿಕೆ, ಕ್ಯಾಸೆಟ್ಟು

ಆಹ್ವಾನ ಪತ್ರಿಕೆ ಇಡಿ. ಅಂಟಿಸಬೇಡಿ, ಹಿಂದಿನ ಪುಟ ಓದಲು ಆಗಲ್ಲ. ಮೂಲೆಗೆ ಎರಡು ಹೊಲಿಗೆ ಹಾಕಿದರೆ ಸಾಕು, ಅಥವಾ ಲಕೋಟೆಯಲ್ಲಿ ಹಾಕಿ. ಗುಂಡುಸೂಜಿ ಬೇಡ, ತುಕ್ಕು ಹಿಡಿದು ಕಾಗದ ತಿನ್ನುತ್ತದೆ.

ಈಗಿನ ಬಸ್ಸಿನ ಟಿಕೆಟು, ಸಭಾಂಗಣದ ಟಿಕೆಟು ಎಷ್ಟೋ ಕಡೆ ಮಿಷನ್ನಿನಿಂದ ಬರುವ ನುಣುಪು ಕಾಗದ. ಅದರಲ್ಲಿ ಮಸಿ ಇರಲ್ಲ, ಶಾಖಕ್ಕೆ ಕಪ್ಪಾಗುವ ಕಾಗದ ಅದು. ವರ್ಷ ಎರಡು ವರ್ಷಕ್ಕೆ ಅಕ್ಷರ ಮಾಯ. ನಾನು ಬುದ್ಧಿವಂತಿಕೆ ಮಾಡಿ ಒಂದು ಟಿಕೆಟಿಗೆ ಲ್ಯಾಮಿನೇಷನ್ ಮಾಡಿಸಲು ಹೋದೆ. ಜೆರಾಕ್ಸ್ ಅಂಗಡಿ ಹುಡುಗ ಬಿಸಿ ಮಿಷನ್ನಿಗೆ ಕೊಟ್ಟ. ಆ ಕಡೆಯಿಂದ ಇದ್ದಿಲಿನಷ್ಟು ಕಪ್ಪು ಚೀಟಿ ಹೊರಗೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹತ್ತು ರೂಪಾಯಿ ಬೇಡ ಅಂದ ಪಾಪ. ಆ ಕಪ್ಪು ಚೀಟಿ ಈಗಲೂ ಪುಸ್ತಕದಲ್ಲಿದೆ, ಕೆಳಗೆ 'ಇದು ಟಿಕೆಟು' ಅಂತ ಬರೆದಿದ್ದೇನೆ. ನೀವು ಅದರಲ್ಲಿರುವುದನ್ನು ಅವತ್ತೇ ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳಿ, ಅಥವಾ ಫೋಟೋ ತೆಗೆದಿಡಿ.

ಮಲೆನಾಡಿನ ಕಡೆಯವರಿಗೆ ಒಂದು ಮಾತು ಜಾಸ್ತಿ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಮಳೆಗಾಲದಲ್ಲಿ ಕಾಗದಕ್ಕೂ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುತ್ತದೆ. ಭಾವಮೈದನ ತೋಟದ ಮನೆಯಲ್ಲಿ ಶೃಂಗೇರಿ ನವರಾತ್ರಿ ಕಚೇರಿಯ ಕ್ಯಾಸೆಟ್ಟು ಇತ್ತು. ಒಂದು ಮಳೆಗಾಲ ಗೋಡೆ ಪಕ್ಕ ಬಿಟ್ಟಿದ್ದ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ. ಪ್ಲೇಯರಿಗೆ ಹಾಕಿದರೆ ಕೀಚಲು, ಆಮೇಲೆ ಪ್ಲೇಯರ್ ತಲೆಗೂ ಅಂಟಿತು. ಬೂಷ್ಟು ಕಂಡರೆ ಹಾಕಿ ನೋಡಬೇಡಿ, ತಿಳಿದವರ ಕೈಗೆ ಕೊಡಿ. ಉಳಿದವನ್ನು ಗೋಡೆಯಿಂದ ದೂರ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡಿ. ಕ್ಯಾಸೆಟ್ಟು ನಿಲ್ಲಿಸಿ ಇಡಿ, ಸ್ಪೀಕರ್ ಪಕ್ಕ ಬೇಡ, ಅದರೊಳಗಿನ ಅಯಸ್ಕಾಂತ ಟೇಪಿಗೆ ಆಗಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡರೆ ನೆಮ್ಮದಿ. ಇನ್ನು ಕಚೇರಿಯಲ್ಲಿ ರೆಕಾರ್ಡು ಮಾಡುವುದಾದರೆ ಮೊದಲು ಕಲಾವಿದರನ್ನು ಕೇಳಬೇಕು. ಬೇಡ ಅಂದರೆ ಬೇಡ.

ಬರೆಯದೆ ಬಿಟ್ಟದ್ದನ್ನು ಹೇಗೆ ಹುಡುಕುವುದು

ನಾನು ಪುಸ್ತಕ ಶುರುಮಾಡಿದ್ದು 1993ರಲ್ಲಿ. ಅದಕ್ಕೂ ಮುಂಚೆ ಕೇಳಿದ್ದು ಎಷ್ಟೋ. ಅವನ್ನು ಕೂಡಿಸುವ ಕೆಲಸ ಹಳೇ ಬಟ್ಟೆ ಬಿಚ್ಚಿ ಹೊಲಿದ ಹಾಗೆ, ನಿಧಾನ.

ಇಸವಿಯಿಂದ ಶುರುಮಾಡಬೇಡಿ, ಯಾರಿಗೂ ಇಸವಿ ನೆನಪಿರಲ್ಲ. ಮನೆಯಿಂದ ಶುರುಮಾಡಿ. ಆಗ ಯಾರ ಮದುವೆ ಆಗಿತ್ತು, ಯಾವ ಮಗು ಹೊಟ್ಟೆಯಲ್ಲಿತ್ತು, ಯಾವ ಬಾಡಿಗೆ ಮನೆ, ಯಾವ ಸೈಕಲ್ಲು. ಹಬ್ಬದ ಕಚೇರಿಯಾದರೆ ತಿಂಗಳು ತಾನಾಗಿ ಸಿಗುತ್ತದೆ. ಗಣಪತಿ ಅಂದರೆ ಭಾದ್ರಪದ, ರಾಮನವಮಿ ಅಂದರೆ ಚೈತ್ರ. ಜೊತೆಗಿದ್ದವರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿ. ಒಟ್ಟಿಗೆ ಕೂರಿಸಿ ಕೇಳಿದರೆ ಗಟ್ಟಿ ಗಂಟಲಿನವರು ಹೇಳಿದ್ದೇ ಎಲ್ಲರಿಗೂ ನೆನಪಾಗುತ್ತದೆ. ಯಾರು ಹೇಳಿದ್ದು ಅಂತ ಆವರಣದಲ್ಲಿ ಬರೆಯಿರಿ. ಅನುಮಾನ ಇದ್ದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಅದನ್ನು ಅಳಿಸಲು ಆತುರ ಬೇಡ.

ನನಗೆ ಹೀಗೆ ಬೇಕಾಗಿದ್ದದ್ದು ಒಂದೇ ಒಂದು ಸಂಜೆ. ಸಿ. ಅಶ್ವತ್ಥ್ ಅವರನ್ನು ನಾನು ಮೊದಲ ಸಲ ಕೇಳಿದ್ದು. ಅವರು ಹುಟ್ಟಿದ್ದು ನಮ್ಮ ಚನ್ನರಾಯಪಟ್ಟಣದಲ್ಲಿ. ಆಮೇಲೆ ಎರಡು ಸಲ ಕೇಳಿದ್ದು ಪುಸ್ತಕದಲ್ಲಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೂ ಹೋಗಿದ್ದೆ. ಜನಸಾಗರದಲ್ಲಿ ಪೆನ್ಸಿಲು ಕಳೆದುಕೊಂಡು, 'ಜನ. ಜನ. ಕಾಲು ತುಳಿದರು' ಅಂತ ಮಾತ್ರ ಬರೆದಿದ್ದೇನೆ. 2009ರ ಡಿಸೆಂಬರ್ 29, ಅವರ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ಅವರು ಹೋದರು. ಆ ದಿನ ಮಿಷನ್ ನಿಲ್ಲಿಸಿ ಪುಸ್ತಕ ತೆಗೆದೆ. ಮೊದಲನೆಯದು ಇರಲಿಲ್ಲ. ಹಾರ್ಮೋನಿಯಂ ಮುಂದೆ ಕೂತ ಆಕೃತಿ, ಆ ದನಿ, ಚಳಿ. ಊರು ಯಾವುದು, ಇಸವಿ ಯಾವುದು, ಏನೂ ಇಲ್ಲ. ಒಂದು ಖಾಲಿ ಪುಟ ಬಿಟ್ಟು ತಲೆಯ ಮೇಲೆ ಅವರ ಹೆಸರು ಬರೆದೆ. 'ಚಳಿ' ಅಂತ ಬರೆದೆ. ಇಸವಿ ಜಾಗದಲ್ಲೊಂದು, ಊರಿನ ಜಾಗದಲ್ಲೊಂದು ಪ್ರಶ್ನೆ ಚಿಹ್ನೆ.

ಪುಟ ಹಾಗೇ ಬಹಳ ವರ್ಷ ಇತ್ತು. ಹೋದ ದೀಪಾವಳಿಗೆ ಭಾವಮೈದ ಹಾಸನಕ್ಕೆ ಬಂದಿದ್ದ. ಹಾಸನಾಂಬೆ ದರ್ಶನಕ್ಕೆ ಸಾಲಿನಲ್ಲಿ ನಿಂತು ಸುಸ್ತಾಗಿ ಬಂದು ಅಂಗಡಿಯಲ್ಲಿ ಕೂತ. ಆ ಪುಟ ತೋರಿಸಿ ಕೇಳಿದೆ. ಅವನು ಸ್ವಲ್ಪ ಯೋಚಿಸಿ, 'ಆವತ್ತು ನೀವು ಹಸಿರು ಸ್ವೆಟರ್ ಹಾಕಿದ್ರಿ ಭಾವ' ಅಂದ. ನನ್ನ ಜನ್ಮದಲ್ಲಿ ನನಗೆ ಹಸಿರು ಸ್ವೆಟರ್ ಇರಲಿಲ್ಲ. ಬಟ್ಟೆ ವಿಷಯದಲ್ಲಿ ನಾನು ತಪ್ಪಲ್ಲ. ಆದರೂ ನಿಯಮ ನಿಯಮವೇ. 'ಹಸಿರು ಸ್ವೆಟರ್ (ಭಾವಮೈದ ಹೇಳಿದ್ದು)?' ಅಂತ ಬರೆದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಅವನಿಲ್ಲದ ಹೊತ್ತು ನೋಡಿ ಹೆಂಡತಿಯನ್ನು ಕೇಳಿದೆ. 'ನಿಮ್ಮದಲ್ಲ ರೀ' ಅಂದಳು. 'ಅದು ಅವನದ್ದೇ. ನಾನೇ ಹೆಣೆದು ಕೊಟ್ಟಿದ್ದು. ದೊಡ್ಡವಳು ಹೊಟ್ಟೇಲಿದ್ದಾಗ ತವರಲ್ಲಿ ಕೂತು ಹೆಣೆದೆ. ಚಳಿ ಅಂತ ನಿಮಗೆ ಕೊಟ್ಟಿರ್ತಾನೆ. ಒಂದು ತೋಳು ಉದ್ದ ಆಗಿತ್ತು, ನೆನಪಿಲ್ವಾ?'

ಎಡಗೈ. ಬೆರಳಿನ ತನಕ ಬರುತ್ತಿತ್ತು. ಚಪ್ಪಾಳೆ ತಟ್ಟಿದರೆ ಸದ್ದೇ ಬರುತ್ತಿರಲಿಲ್ಲ.

ದೊಡ್ಡವಳು ಹುಟ್ಟಿದ್ದು 1990ರ ಫೆಬ್ರವರಿಯಲ್ಲಿ. ಹಾಗಾದರೆ ಅದು 1989ರ ಕೊನೆ, ಇಲ್ಲವೇ 90ರ ಜನವರಿ. ಇಸವಿಯ ಮುಂದಿನ ಪ್ರಶ್ನೆ ಚಿಹ್ನೆ ಅಳಿಸಿ ಎರಡನ್ನೂ ಬರೆದೆ. ಊರಿನ ಮುಂದಿನದು ಇನ್ನೂ ಹಾಗೇ ಇದೆ.